ಸರ್ವರ್ ಡೌನ್ ಇರಲಿಲ್ಲ, ಸಾಲನ್ನೇ ಹಂಗ ಬರೆದಿದ್ದರು



ಬರಹ ಉದ್ದ ಆಗಿದೆ. ನಡುವೆ ಸ್ವಲ್ಪ ಟೆಕ್ನಿಕಲ್ ಮಾತೂ ಬರ್ತದೆ. ಆದರೂ ಪೂರ್ತಿ ಓದ್ರಿ ಅಂತ ಕೇಳ್ಕೋತೀನಿ. ನಮ್ಮ ಜನ ದಿನಾ ನಿಲ್ಲೋ ಸಾಲಿನ ಮಾತು ಇದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಎಲ್ಲಿಗೇ ಹೋಗ್ರಿ. ಕೈಯಲ್ಲಿ ಕಾಗದ ಹಿಡಿದು ಕೌಂಟರ್ ಮುಂದೆ ನಿಂತವರು ಕೇಳಿಸಿಕೊಂಡ ಮಾತು ಒಂದೇ: "ಸರ್ವರ್ ಡೌನ್ ಅದ, ನಾಳಿಗಿ ಬರ್ರಿ." ಕೂಲಿ ಬಿಟ್ಟು ಬಂದ ಹೆಣ್ಣುಮಗಳು ತಲೆ ಆಡಿಸಿ ಹೊರಗೆ ಕಟ್ಟೆ ಮೇಲೆ ಕೂಡ್ತಾಳೆ. ಸರ್ವರ್ ಅಂದ್ರೆ ಏನು, ಎಲ್ಲಿದೆ, ಯಾರು ಅದನ್ನ ಡೌನ್ ಮಾಡಿದರು ಅಂತ ಯಾರೂ ಕೇಳಲ್ಲ. ಮಳೆ ಬರಲಿಲ್ಲ ಅಂದ್ರೆ ಯಾರನ್ನ ಕೇಳ್ತೀರಿ? ಹಂಗೇ ಇದೂ ಅಂತ ತಿಳ್ಕೊಂಡು ಬಿಟ್ಟೀವಿ.

ನಾನು ಒಂದು ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ, ಯಾವ ಊರು ಅಂತ ಹೇಳಲ್ಲ. ಈ ಐದು ಊರಲ್ಲಿ ಒಂದು ಅಂತ ಇಟ್ಕೋರಿ. ಹೆಸರು ಹೇಳಿದ್ರೆ ಮಾತು ಒಬ್ಬಿಬ್ಬರ ಮೇಲೆ ಹೋಗ್ತದೆ. ಆಗ ಉಳಿದ ನೂರು ಕಚೇರಿಯವರು "ನಮ್ಮಲ್ಲಿ ಹಂಗಿಲ್ಲ ಬಿಡ್ರಿ" ಅಂತ ಆರಾಮ ಆಗ್ತಾರೆ.

ಗುಮಾಸ್ತನ ಕೆಲಸ ಬರೆದಿಡೋದು. ಕೌಂಟರಿನಲ್ಲಿ "ಸರ್ವರ್ ಡೌನ್" ಅಂದ ದಿನ, ಹೊತ್ತು, ಎಷ್ಟೊತ್ತಿಗೆ ಸರಿ ಆಯ್ತು, ಇಷ್ಟನ್ನ ನನ್ನ ಸಣ್ಣ ಡೈರಿಯಲ್ಲಿ ಗುರುತು ಹಾಕ್ತಾ ಬಂದೆ. ಒಂದೂವರೆ ತಿಂಗಳಾದ್ಮೇಲೆ ತಿರುವಿ ನೋಡಿದರೆ ಒಂದು ವಿಷಯ ಎದ್ದು ಕಾಣ್ತಿತ್ತು. ಡೌನ್ ಆದ ದಿನಗಳು ಹೆಚ್ಚುಕಡಿಮೆ ಎಲ್ಲವೂ ಮೀಟಿಂಗ್ ಹಾಲ್‌ನಲ್ಲಿ ವಿಡಿಯೊ ಕಾನ್ಫರೆನ್ಸ್ ಇದ್ದ ದಿನಗಳು. ವಿಸಿ ಹನ್ನೊಂದಕ್ಕೆ ಶುರುವಾದ್ರೆ ಕೌಂಟರ್ ಹನ್ನೊಂದಕ್ಕೆ ನಿಲ್ತಿತ್ತು. ವಿಸಿ ಒಂದೂವರೆಗೆ ಮುಗಿದ್ರೆ ಕೌಂಟರ್ ಜೀವ ಹಿಡೀತಿತ್ತು. ಬೆಂಗಳೂರಿನ ಸರ್ವರಿಗೆ ನಮ್ಮ ಮೀಟಿಂಗ್ ಹಾಲಿನ ಟೈಮ್‌ಟೇಬಲ್ ಹೆಂಗ ಗೊತ್ತಾಗಬೇಕು?

ಅಲ್ಲಿಂದ ನನ್ನ ಹುಡುಕಾಟ ಶುರು ಆಯ್ತು. ನಾನು ಬಿಎ ಓದಿದವನು, ಕಂಪ್ಯೂಟರ್ ಶಾಸ್ತ್ರ ಕಲಿತವನಲ್ಲ. ನೆಟ್‌ವರ್ಕ್ ನೋಡಿಕೊಳ್ಳೋಕೆ ಕಲಬುರಗಿಯಿಂದ ಗುತ್ತಿಗೆ ಮೇಲೆ ಒಬ್ಬ ಹುಡುಗ ಬರ್ತಾನೆ. ಅವನ ಪಕ್ಕ ಕುರ್ಚಿ ಹಾಕ್ಕೊಂಡು ಕೂತೆ. "ತಮ್ಮಾ, ಮೀಟಿಂಗ್ ಇದ್ದ ದಿನಾನೇ ಕೌಂಟರ್ ಯಾಕ ನಿಲ್ತದ?" ಅಂತ ಕೇಳಿದೆ. ಅವನು ನಕ್ಕ. "ಸರ್, ಇಷ್ಟು ದಿನದಾಗ ಇದನ್ನ ಯಾರೂ ಕೇಳಿರಲಿಲ್ರಿ" ಅಂದ.

ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಸಣ್ಣ ಹಸಿರು ದೀಪ ಮಿನುಗೋ ಡಬ್ಬಿ ಇರ್ತದಲ್ಲ, ಅದು ಸ್ವಿಚ್. ಕಚೇರಿಯ ಎಲ್ಲ ಕಂಪ್ಯೂಟರ್, ಕ್ಯಾಮರಾ, ವಿಸಿ ಯಂತ್ರ ಎಲ್ಲದರ ತಂತಿ ಅದಕ್ಕೆ ಬಂದು ಸೇರ್ತವೆ. ಅಲ್ಲಿಂದ ಹೊರಗೆ ಹೋಗೋದು ಒಂದೇ ತಂತಿ. ಒಳಗಿನ ತಂತಿ ಒಂದೊಂದೂ ಸೆಕೆಂಡಿಗೆ 100 ಮೆಗಾಬಿಟ್ ಹೊರ್ತದೆ. ಹೊರಗಿನ ಲೈನ್ ನಮ್ಮಲ್ಲಿ ಇರೋದು 10 ಮೆಗಾಬಿಟ್. ಒಳಗಿಂದ ಬರೋದು ಜಾಸ್ತಿ, ಹೊರಗೆ ಹೋಗೋ ದಾರಿ ಕಿರಿದು. ಅಲ್ಲಿ ಸಾಲು ಬೆಳೀತದೆ. ಆ ಸಾಲಿನಲ್ಲಿ ಯಾರು ಮೊದಲು, ಯಾರು ಆಮೇಲೆ ಅಂತ ಸ್ವಿಚ್‌ಗೆ ಹೇಳಿಕೊಡೋ ಪದ್ಧತಿಗೆ ಕ್ವಾಲಿಟಿ ಆಫ್ ಸರ್ವಿಸ್, ಚಿಕ್ಕದಾಗಿ ಕ್ಯೂಒಎಸ್ ಅಂತಾರೆ.

ನಮ್ಮ ಓಣಿಯವರಿಗೆ ಇದನ್ನ ಹೇಳೋದು ಬಹಳ ಸುಲಭ. ಊರ ಟಾಕಿಯಿಂದ ನಳದ ಪೈಪ್ ಹೊರಟು ಮೊದಲು ಗೌಡರ ಮನೆ ಕಡೆ, ಆಮೇಲೆ ಬಜಾರ, ಆಮೇಲೆ ಉಳಿದ ಓಣಿ, ಕಟ್ಟಕಡೆಗೆ ನಮ್ಮ ಓಣಿಗೆ ಬರ್ತಿತ್ತು. ಟಾಕಿ ತುಂಬಿದ ದಿನ ಎಲ್ಲರಿಗೂ ನೀರು. ಆ ದಿನ ವಾಲ್ ಎಲ್ಲಿದೆ, ಯಾರ ಕೈಯಲ್ಲಿದೆ ಅಂತ ಯಾರಿಗೂ ಬೇಕಿಲ್ಲ. ಬೇಸಿಗೆ ಬಂದಾಗ ವಾಲ್ ತಿರುವೋ ಕೈ ಯಾರದು ಅನ್ನೋದು ಗೊತ್ತಾಗ್ತದೆ. ಕ್ಯೂಒಎಸ್ ಸಹ ಹಂಗೇ. ಲೈನ್ ಖಾಲಿ ಇದ್ದಾಗ ಅದು ಇದ್ದೂ ಇಲ್ಲದಂಗ. ಕೊರತೆ ಬಿದ್ದ ಗಳಿಗೆಯಲ್ಲೇ ಅದರ ಕೆಲಸ ಶುರು. ನಮ್ಮ ಕಚೇರಿಯಲ್ಲಿ ಆ ಬೇಸಿಗೆ ಅಂದ್ರೆ ವಿಸಿ ದಿನ.

ಸ್ವಿಚ್ ಒಳಗೆ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಹೋಗ್ತದೆ. ಒಂದೊಂದಕ್ಕೂ ಆದ್ಯತೆಯ ನಂಬರ್ ಹಚ್ಚಬಹುದು. 0ಯಿಂದ 7ರ ತನಕ ಎಂಟು ಮೆಟ್ಟಿಲು. ಪ್ಯಾಕೆಟ್ ಒಳಗೆ ಏನಿದೆ ಅಂತ ತೆಗೆದು ನೋಡೋ ಅಗತ್ಯ ಇಲ್ಲ. ಯಾವ ಪೋರ್ಟ್‌ನಿಂದ, ಅಂದ್ರೆ ಯಾವ ತೂತಿನಿಂದ ಒಳಗೆ ಬಂತು ಅನ್ನೋದನ್ನ ನೋಡಿ ನಂಬರ್ ಹಚ್ಚಿದ್ರೂ ಆಯ್ತು. ಆ ಹುಡುಗ ಇಷ್ಟು ಹೇಳಿದಾಗ ನಾನು ಒಂದು ಗಳಿಗೆ ಸುಮ್ಮನಾದೆ. ಎಲ್ಲಿ ಹುಟ್ಟಿತು ಅನ್ನೋದರ ಮೇಲೆ ನಂಬರ್. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂತ ಯಾವುದನ್ನ ಕರೆದರೋ ಅದನ್ನ ಓದಿಕೊಂಡ ನಮಗೆ ಈ ಪದ್ಧತಿ ಹೊಸದಾಗಿ ಕಾಣಲಿಲ್ಲ.

"ನಮ್ಮ ಕಚೇರಿ ನಂಬರ್ ಹೆಂಗ ಅದಾವ, ತೋರಿಸು" ಅಂದೆ. ಅವನು ಸ್ಕ್ರೀನ್ ತೆಗೆದ. ಕಾಗದದ ಮೇಲೆ ಬರ್ಕೊಂಡದ್ದು ಇಲ್ಲಿ ಹಾಕ್ತೀನಿ:

ಸಾಹೇಬರ ಛೇಂಬರ್: 6
ಮೀಟಿಂಗ್ ಹಾಲ್, ವಿಸಿ: 5
ಸಿಸಿಟಿವಿ ಕ್ಯಾಮರಾ: 4
ಜನರ ಕೌಂಟರ್: 1
ಸಿಬ್ಬಂದಿ ಕಂಪ್ಯೂಟರ್: 0

"ನೋಡ್ರಿ ಸರ್, ಕೌಂಟರ್ ಸಿಬ್ಬಂದಿಗಿಂತ ಒಂದು ಮೆಟ್ಟಿಲು ಮೇಲಿದ್ದಂಗ ಕಾಣ್ತದ" ಅಂದ. ಆಮೇಲೆ ಅವನೇ ಹೇಳಿದ: "ಆದ್ರ ಹಂಗಿಲ್ರಿ. ಈ ಲೆಕ್ಕದಾಗ 1 ಅನ್ನೋದು 0ಗಿಂತ ಕೆಳಗ." ನನಗೆ ನಂಬಿಕೆ ಬರಲಿಲ್ಲ. ಆಮೇಲೆ ನಾನೂ ಓದಿ ನೋಡಿದೆ, ಖರೇನೇ. ಎಲ್ಲ ಕಂಪನಿಯ ಸ್ವಿಚ್‌ಗಳು ಒಪ್ಪಿಕೊಂಡಿರೋ 802.1 ಮಾನದಂಡದಲ್ಲಿ 0 ಅಂದ್ರೆ ಸಾಧಾರಣ, ನಂಬರ್ ಹಚ್ಚದೆ ಬಂದವರಿಗೆ ಸಿಗೋ ಸಾಲು. 1 ಅಂದ್ರೆ ಬ್ಯಾಕ್‌ಗ್ರೌಂಡ್, ಹಿನ್ನೆಲೆ ಕೆಲಸ. ಎಲ್ಲರದೂ ಮುಗಿದ ಮೇಲೆ ಹೋದ್ರೆ ಸಾಕು ಅನ್ನೋವಂಥದ್ದು. ಯಾವ ನಂಬರೂ ಇಲ್ಲದವರಿಗಿಂತ ಕೆಳಗಿನ ನಂಬರ್! ಜನ ಬಿಸಿಲಿನಲ್ಲಿ ನಿಂತು ಕಾಯೋ ಕೌಂಟರ್‌ಗೆ ಸಿಕ್ಕಿದ್ದು ಅದು.

ಯಾರು ಹಾಕಿದರು ಇದನ್ನ? ಕೇಳಿದೆ. ಹಳೆಯ ಗುತ್ತಿಗೆದಾರ ಹಾಕಿರಬೇಕು ಅಂದರು. ಯಾರು ಹೇಳಿ ಹಾಕಿಸಿದರು? ಯಾರಿಗೂ ನೆನಪಿಲ್ಲ. ಫೈಲಿನಲ್ಲಿ ಒಂದು ಸಾಲು ಇಲ್ಲ. ಕೊನೆಗೆ ಸಿಕ್ಕ ಉತ್ತರ, "ಮೊದಲಿನಿಂದ ಹಂಗೇ ಅದ."

ಗೆಳೆಯರೇ, ಈ ಮಾತನ್ನ ಎಲ್ಲೆಲ್ಲಿ ಕೇಳೀವಿ ಒಮ್ಮೆ ನೆನಪು ಮಾಡ್ಕೋರಿ. ಹೋಟೆಲಿನಲ್ಲಿ ಬೇರೆ ಲೋಟ ಯಾಕ? ಮೊದಲಿನಿಂದ ಹಂಗೇ ಅದ. ಗುಡಿ ಕಟ್ಟೆ ಏರಬಾರದು ಯಾಕ? ಮೊದಲಿನಿಂದ ಹಂಗೇ ಅದ. ಸ್ಮಶಾನಕ್ಕ ಜಾಗ ಇಲ್ಲ ಯಾಕ? ಅದೇ ಉತ್ತರ. ಸ್ವಿಚ್ ನನಗೆ ಕಲಿಸಿದ ದೊಡ್ಡ ಪಾಠ ಇದು: ಮೊದಲಿನಿಂದ ಇದ್ದದ್ದು ಅಂತ ಯಾವುದೂ ಇಲ್ಲ. ಯಾರೋ ಒಂದು ದಿನ ಕೂತು ಟೈಪ್ ಮಾಡಿರ್ತಾರೆ. ಟೈಪ್ ಮಾಡಿದ್ದನ್ನ ತೆಗೆದು ಓದಬಹುದು. ಓದಬಹುದಾದದ್ದನ್ನ ತಿದ್ದಬಹುದು.

ಈಗ ಆ ಸಾಲು ಹೆಂಗ ನಡೀತದೆ ನೋಡೋಣ. ಎರಡು ಮುಖ್ಯ ಕ್ರಮಗಳಿವೆ.

ಮೊದಲನೆಯದು ಸ್ಟ್ರಿಕ್ಟ್ ಪ್ರಯಾರಿಟಿ. ಮೇಲಿನ ಸಾಲಿನಲ್ಲಿ ಒಂದು ಪ್ಯಾಕೆಟ್ ಇದ್ರೂ ಕೆಳಗಿನ ಸಾಲು ಅಲುಗಾಡೋ ಹಂಗಿಲ್ಲ. ಮೇಲಿನದು ಪೂರ್ತಿ ಖಾಲಿ ಆದ್ಮೇಲೆ ಕೆಳಗಿನವರ ಪಾಳಿ. ನಮ್ಮ ಕಚೇರಿಯಲ್ಲಿ ಇದ್ದದ್ದು ಇದೇ. ಲೆಕ್ಕ ಹಾಕಿ ನೋಡ್ರಿ. ಎಂಟು ಕ್ಯಾಮರಾ, ಒಂದೊಂದು ಸುಮಾರು 1 ಮೆಗಾಬಿಟ್‌ನಷ್ಟು ಚಿತ್ರ ಹೊರಗೆ ಕಳಿಸ್ತಿದ್ವು, ಒಟ್ಟು 8. ಲೈನ್ ಇರೋದು 10. ಉಳಿದ 2ರಲ್ಲಿ ಸಿಬ್ಬಂದಿ, ಕೌಂಟರ್ ಹೆಂಗೋ ಕುಂಟುತ್ತಾ ನಡೀತಿದ್ವು. ವಿಸಿ ಶುರುವಾದ್ರೆ ಅದಕ್ಕೆ 2 ಬೇಕು. 8 ಮತ್ತು 2 ಸೇರಿ 10. ಕೌಂಟರಿಗೆ ಉಳಿದದ್ದು ಸೊನ್ನೆ. ಅರ್ಜಿ ಅಪ್‌ಲೋಡ್ ಆಗಲ್ಲ, ಬೆರಳಚ್ಚು ಹೋಗಲ್ಲ, ಒಟಿಪಿ ಅವಧಿ ಮುಗೀತದೆ, ಪುಟ ಹೊರಗೆ ದಬ್ಬತದೆ. ಒಳಗೆ ಕೂತವರು "ಸರ್ವರ್ ಡೌನ್" ಅಂತಾರೆ. ಅವರೂ ಸುಳ್ಳು ಹೇಳ್ತಿರಲಿಲ್ಲ, ಅವರಿಗೆ ಕಾಣ್ತಿದ್ದದ್ದೇ ಅಷ್ಟು. ನೆಟ್‌ವರ್ಕ್ ಪುಸ್ತಕದಲ್ಲಿ ಈ ಸ್ಥಿತಿಗೆ ಇರೋ ಹೆಸರು ಸ್ಟಾರ್ವೇಶನ್. ಹಸಿವಿನಿಂದ ಸಾಯೋದು. ಹೆಸರು ಸರಿಯಾಗೇ ಇಟ್ಟಾರೆ.

ಎರಡನೆಯದು ವೆಯ್ಟೆಡ್ ರೌಂಡ್ ರಾಬಿನ್. ಇದರಲ್ಲಿ ಎಲ್ಲ ಸಾಲಿಗೂ ಪಾಳಿ ಬರ್ತದೆ. ಒಬ್ಬೊಬ್ಬರಿಗೆ ಒಂದೊಂದು ತೂಕ. ಒಂದು ಸುತ್ತಿನಲ್ಲಿ ಇವರಿಂದ ನಾಲ್ಕು, ಅವರಿಂದ ಎರಡು, ಇನ್ನೊಬ್ಬರಿಂದ ಒಂದು. ಯಾವ ಸಾಲೂ ಸೊನ್ನೆಗೆ ಬೀಳಲ್ಲ. ಒಂದು ಸಾಲಿನವರಿಗೆ ಆ ಹೊತ್ತಿಗೆ ಕೆಲಸ ಇಲ್ಲ ಅಂದ್ರೆ ಅವರ ಪಾಲನ್ನ ಉಳಿದವರು ಬಳಸಬಹುದು. ಅವರು ಮತ್ತೆ ಬಂದ ತಕ್ಷಣ ಅವರ ಪಾಲು ಅವರಿಗೆ.

ಮೀಸಲಾತಿ ಬಗ್ಗೆ ಚರ್ಚೆ ಮಾಡೋ ಗೆಳೆಯರಿಗೆ ಇಲ್ಲಿ ಒಂದು ಮಾತು. ನಮ್ಮನ್ನ ಬೈಯೋರು ನಾವು ಸ್ಟ್ರಿಕ್ಟ್ ಪ್ರಯಾರಿಟಿ ಕೇಳ್ತೀವಿ ಅಂತ ತಿಳ್ಕೊಂಡಾರೆ. ನಾವು ಕೇಳಿದ್ದು ಯಾವತ್ತೂ ಎರಡನೆಯದನ್ನ, ಖಾತ್ರಿ ಇರೋ ಪಾಲನ್ನ. ಸ್ಟ್ರಿಕ್ಟ್ ಪ್ರಯಾರಿಟಿಯನ್ನ ಸಾವಿರಾರು ವರ್ಷ ಅನುಭವಿಸಿದವರು ಬೇರೆ. ಅವರಿಗೆ ಅದಕ್ಕೊಂದು ಹೆಸರಿಡೋ ಅಗತ್ಯವೂ ಬೀಳಲಿಲ್ಲ.

ಪಾಲು ಬರೆದ ಮಾತ್ರಕ್ಕೆ ಕೈಗೆ ಬರ್ತದೆ ಅಂತಲೂ ಇಲ್ಲ. ನಮ್ಮ ರಾಜ್ಯದ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಬಂದದ್ದು 2013ರಲ್ಲಿ. ಜನಸಂಖ್ಯೆಗೆ ತಕ್ಕ ಹಣ ತೆಗೆದಿಡಬೇಕು ಅಂತ ಬರೆದರು. ಅದರಲ್ಲೇ 7(ಡಿ) ಅಂತ ಒಂದು ಕಿಂಡಿಯನ್ನೂ ಇಟ್ಟರು. ಎಲ್ಲರಿಗೂ ಮಾಡೋ ಕೆಲಸದಲ್ಲಿ ಒಂದು ಭಾಗ ನಿಮಗೇ ಖರ್ಚಾಯ್ತು ಅಂತ ಭಾವಿಸಿಕೊಂಡು ಲೆಕ್ಕ ತೋರಿಸೋ ದಾರಿ ಅದು. ಆ ಕಿಂಡಿ ಮುಚ್ಚಿಸೋಕೆ 2023ರ ತನಕ ಹೋರಾಡಬೇಕಾಯ್ತು. ಸ್ವಿಚ್ ಮುಂದೆ ಕೂತಾಗಲೂ ನನ್ನ ತಲೆಯಲ್ಲಿ ಅದೇ ಓಡ್ತಿತ್ತು. ಕೌಂಟರಿಗೆ ಇಷ್ಟು ಅಂತ ಬರೀತಾರೆ, ಸರಿ. 7(ಡಿ) ಎಲ್ಲಿ ಇಟ್ಟಾರೆ ಅಂತಲೂ ನೋಡಬೇಕು.

ಇದರ ಜೊತೆಗೆ ಒಂದು ನ್ಯಾಯವಾದ ಮಾತನ್ನೂ ಹೇಳಬೇಕು. ಎಲ್ಲರನ್ನೂ ಒಂದೇ ಸಾಲಿಗೆ ಹಾಕಿದ್ರೆ ಆಯ್ತಲ್ಲ ಅಂತ ನಾನು ಮೊದಲು ಕೇಳಿದ್ದೆ. ಹುಡುಗ ಬಿಡಿಸಿ ಹೇಳಿದ. ದನಿಗೆ ಕಾಯೋ ಶಕ್ತಿ ಇಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ಮುಟ್ಟೋದು 150 ಮಿಲಿಸೆಕೆಂಡ್ ದಾಟಿದರೆ ಇಬ್ಬರೂ ಒಬ್ಬರ ಮೇಲೆ ಒಬ್ಬರು ಮಾತಾಡೋಕೆ ಶುರು ಮಾಡ್ತಾರೆ. ಅದೇ ದನಿ ತಗೊಳ್ಳೋ ಜಾಗ ಬಹಳ ಕಮ್ಮಿ. ಒಂದು ಫೋನ್ ಕರೆಗೆ ಮೇಲ್ಖರ್ಚು ಸೇರಿ ಸುಮಾರು 90 ಕಿಲೊಬಿಟ್ ಸಾಕು. ಅರ್ಜಿಯ ಪಿಡಿಎಫ್ ಎರಡು ಸೆಕೆಂಡ್ ತಡವಾಗಿ ಹೋದ್ರೆ ಏನೂ ಆಗಲ್ಲ, ಹೋಗೋದು ಮಾತ್ರ ಹೋಗಬೇಕು. ಹಾಗಾಗಿ ದನಿ ಮುಂದೆ ಹೋಗಲಿ. ಆದರೆ ಅದಕ್ಕೂ ಇಂತಿಷ್ಟೇ ಅಂತ ಮಿತಿ ಹಾಕಿ ಮುಂದೆ ಬಿಡಬೇಕು. ಆಂಬುಲೆನ್ಸಿಗೆ ಎಲ್ಲರೂ ದಾರಿ ಬಿಡ್ತೀವಿ. ಅದರ ಹಿಂದೆ ಹತ್ತು ಕೆಂಪು ದೀಪದ ಕಾರು ನುಗ್ಗಿದರೆ ಅದು ಬೇರೆ ಮಾತು. ಅಗತ್ಯ ನೋಡಿ ಕೊಡೋ ಆದ್ಯತೆಗೆ ನನ್ನ ತಕರಾರಿಲ್ಲ. ಛೇಂಬರಿಗೆ 6 ಕೊಟ್ಟದ್ದು ಯಾವ ಅಗತ್ಯ ನೋಡಿ? ಅಲ್ಲಿ ವಿಸಿ ಯಂತ್ರವೂ ಇಲ್ಲ, ನಡೆಯೋದೆಲ್ಲ ಹಾಲ್‌ನಲ್ಲಿ. ಅದು ಕುರ್ಚಿಗೆ ಕೊಟ್ಟ ನಂಬರ್.

ಇನ್ನೊಂದು ಮಾತು ಟ್ರಸ್ಟ್. ಪ್ಯಾಕೆಟ್ ತಾನೇ ನಂಬರ್ ಹಚ್ಚಿಕೊಂಡು ಬರಬಹುದು. ಸ್ವಿಚ್ ಅದನ್ನ ನಂಬಬೇಕೋ ಬೇಡವೋ ಅಂತ ಪೋರ್ಟ್‌ಗೆ ಒಂದರಂತೆ ಬರೆದಿಡ್ತಾರೆ. ನಂಬದ ಪೋರ್ಟ್‌ನಿಂದ ಬಂದ್ರೆ ಅದರ ನಂಬರ್ ಅಳಿಸಿ ತನ್ನ ನಂಬರ್ ಹಚ್ಚತದೆ. ಎಲ್ಲರನ್ನೂ ನಂಬಿದ್ರೆ ಎಲ್ಲರೂ 7 ಹಚ್ಚಿಕೊಂಡು ಬರ್ತಾರೆ, ಒಪ್ಪತೀನಿ. ಆದರೆ ನಮ್ಮಲ್ಲಿ ಛೇಂಬರ್ ಪೋರ್ಟ್ ಮಾತ್ರ ನಂಬಿಕೆಯದ್ದು, ಉಳಿದವೆಲ್ಲ ಅಪನಂಬಿಕೆಯವು. ಜಾತಿ ಪ್ರಮಾಣ ಪತ್ರ ಕೊಟ್ಟ ಮೇಲೂ ಸಿಂಧುತ್ವ ತಂದುಕೊಡು, ಸಿಂಧುತ್ವ ಕೊಟ್ಟ ಮೇಲೂ ಪೊಲೀಸ್ ಪರಿಶೀಲನೆ ಆಗಲಿ ಅನ್ನೋ ಕಚೇರಿಗಳನ್ನ ಸುತ್ತಿದವರಿಗೆ ಇದನ್ನ ಹೆಚ್ಚು ವಿವರಿಸಬೇಕಾಗಿಲ್ಲ.

ಇಷ್ಟರಲ್ಲಿ ಹುಡುಗ ಒಂದು ಕೈಪಿಡಿ ತೆಗೆದು ಓದ್ತಾ ಇದ್ದ. ಒಂದು ಪದ ಬಂದಾಗ ನಾನು ಅವನನ್ನ ನಿಲ್ಲಿಸಿದೆ. "ಮತ್ತೊಮ್ಮೆ ಓದು" ಅಂದೆ. "ಸ್ಕ್ಯಾವೆಂಜರ್ ಕ್ಲಾಸ್, ಸರ್."

ಹೌದು, ಅದೇ ಪದ. ನೆಟ್‌ವರ್ಕ್ ಭಾಷೆಯಲ್ಲಿ ಎಲ್ಲರಿಗಿಂತ ಕೆಳಗಿನ ವರ್ಗಕ್ಕೆ ಇಟ್ಟಿರೋ ಹೆಸರು ಸ್ಕ್ಯಾವೆಂಜರ್. ಎಲ್ಲರೂ ತಿಂದು ಉಳಿದದ್ದೇನಾದ್ರೂ ಇದ್ರೆ ಅದನ್ನ ತಗೊಳ್ಳೋ ವರ್ಗ. ಅಮೆರಿಕದ ವಿಶ್ವವಿದ್ಯಾಲಯಗಳ ಜಾಲ ಇಂಟರ್‌ನೆಟ್2ನಲ್ಲಿ ಈ ಹೆಸರು ಬಳಕೆಗೆ ಬಂತು, ಸಿಸ್ಕೊ ಕಂಪನಿಯ ಮಾರ್ಗಸೂಚಿಗಳಲ್ಲಿ ಗಟ್ಟಿಯಾಯ್ತು. ಅದಕ್ಕೆ ಹಚ್ಚೋ ಗುರುತು ಸಿಎಸ್1, ಡಿಎಸ್‌ಸಿಪಿ ಲೆಕ್ಕದಲ್ಲಿ 8. 2019ರಲ್ಲಿ ಇಂಟರ್‌ನೆಟ್ ಮಾನದಂಡ ಬರೆಯೋರು ಈ ಕೆಳವರ್ಗಕ್ಕೆ ಬೇರೆ ಗುರುತು ಕೊಟ್ಟರು, ಡಿಎಸ್‌ಸಿಪಿ 1. ಹೆಸರು ಲೋವರ್ ಎಫರ್ಟ್. ಕಾರಣ ಮಾತ್ರ ತಾಂತ್ರಿಕ. ಹಳೆಯ ಗುರುತನ್ನ ಕೆಲವರು ಮೇಲಿನದು ಅಂತ, ಕೆಲವರು ಕೆಳಗಿನದು ಅಂತ ಓದ್ತಿದ್ದರು. ಎಂಜಿನಿಯರುಗಳ ಬಾಯಲ್ಲಿ ಇವತ್ತಿಗೂ ಸ್ಕ್ಯಾವೆಂಜರ್ ಉಳಿದುಕೊಂಡಿದೆ.

ಅವರ ದೇಶದಲ್ಲಿ ಆ ಪದಕ್ಕೆ ಉಳಿದದ್ದನ್ನ ಹೆಕ್ಕಿ ತಿನ್ನೋ ಪ್ರಾಣಿ ಅಂತ ಅರ್ಥ ಇರಬಹುದು. ನಮ್ಮ ದೇಶದಲ್ಲಿ ಅದು ಕಾನೂನಿನ ಹೆಸರಿನಲ್ಲಿದೆ. 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ, ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ ನಿಷೇಧಕ್ಕೆ ಎರಡು ಕಾಯ್ದೆ ಮಾಡಬೇಕಾಯ್ತು. ಎರಡು ಕಾಯ್ದೆ ಆದ್ಮೇಲೂ ನಮ್ಮ ಹುಡುಗರು ಮ್ಯಾನ್‌ಹೋಲಿಗೆ ಇಳಿದು ಸಾಯ್ತಿದ್ದಾರೆ. ಊರಲ್ಲಿ ಮದುವೆ ಊಟ ಮುಗಿದ ಮೇಲೆ ಉಳಿದದ್ದನ್ನ ತಗೊಳ್ಳೋಕೆ ಬುಟ್ಟಿ ಹಿಡಿದು ದೂರ ನಿಂತ ನಮ್ಮ ಅಜ್ಜಿಯರ ಸಾಲು ಯಾವುದು ಅಂತ ಆ ಕೈಪಿಡಿ ಬರೆದವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತು. ಆ ಹುಡುಗನಿಗೂ ಗೊತ್ತಿತ್ತು ಅನ್ನಿಸ್ತದೆ. ಆಮೇಲೆ ಅವನು ಆ ಪದ ಬಳಸಲಿಲ್ಲ, "ಕೊನೇ ಸಾಲು" ಅಂತಲೇ ಅಂದ.

ಸ್ವಿಚ್‌ಗೆ ಜಾತಿ ಗೊತ್ತಿಲ್ಲ, ನಿಜ. ಸ್ವಿಚ್ ಮಾಡೋ ಜಗತ್ತಿಗೆ ಗೊತ್ತಿಲ್ಲ ಅಂತ ಮಾತ್ರ ಹೇಳೋಕಾಗಲ್ಲ. 2020ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಇಲಾಖೆಯೇ ಇದೇ ಸಿಸ್ಕೊ ಮೇಲೆ ಮೊಕದ್ದಮೆ ಹೂಡಿತು. ಒಬ್ಬ ದಲಿತ ಎಂಜಿನಿಯರಿಗೆ ಜಾತಿ ತಾರತಮ್ಯ ಆಗಿದೆ ಅನ್ನೋದು ಆರೋಪ. ಕಂಪನಿ ಅದನ್ನ ನಿರಾಕರಿಸಿತು. 2023ರಲ್ಲಿ ಇಬ್ಬರು ಮೇಲಧಿಕಾರಿಗಳ ಮೇಲಿನ ಭಾಗವನ್ನ ಇಲಾಖೆ ತಾನೇ ಹಿಂದಕ್ಕೆ ತಗೊಂಡಿತು, ಕಂಪನಿ ಮೇಲಿನದ್ದನ್ನ ಮುಂದುವರಿಸಿತು. ಇದನ್ನ ಹೇಳಿದ್ದು ಯಾಕಂದ್ರೆ, ಯಂತ್ರ ಬಂದ್ರೆ ಜಾತಿ ಹೋಗ್ತದೆ ಅಂತ ನಮ್ಮ ಹುಡುಗರಿಗೆ ಹೇಳೋರು ಬಹಳ ಜನ ಇದ್ದಾರೆ. ಯಂತ್ರಕ್ಕೆ ಸಾಲು ಬರೆಯೋದು ಮನುಷ್ಯರೇ.

ಸರಿ, ನಮ್ಮ ಕಚೇರಿಗೆ ಬರೋಣ. ತಿದ್ದೋದಕ್ಕೆ ಮೇಲಿನವರ ಒಪ್ಪಿಗೆ ಬೇಕಿತ್ತು. ನನ್ನ ಡೈರಿಯ ದಿನಾಂಕಗಳನ್ನ ಟಿಪ್ಪಣಿ ಮಾಡಿ ಫೈಲಿನಲ್ಲಿ ಇಟ್ಟೆ. ಮೊದಲು ಬಂದ ಪ್ರಶ್ನೆ, "ಸಾಹೇಬರ ವಿಸಿ ನಡುವೆ ಕಟ್ ಆದ್ರ ಜವಾಬ್ದಾರಿ ಯಾರದ್ರಿ?" ಎರಡನೆಯದು ಒಬ್ಬ ಹಿರಿಯರು ಕೇಳಿದ್ದು. ಅದನ್ನ ನಾನು ಮರೆಯಲ್ಲ. "ಸಾಹೇಬರದೂ ಜನರದೂ ಒಂದೇ ಸಾಲೇನ್ರಿ?"

ಮೊದಲ ಪ್ರಶ್ನೆಗೆ ಹುಡುಗ ಉತ್ತರ ಕೊಟ್ಟ. ವಿಸಿ ಮುಂದೆಯೇ ಹೋಗ್ತದ, 3 ಮೆಗಾಬಿಟ್ ತನಕ ಯಾರೂ ಮುಟ್ಟಲ್ಲ ಅಂದ. ಎರಡನೆಯದಕ್ಕೆ ನಾನು ಹೇಳಿದೆ: "ಸಾಹೇಬರ ಕೆಲಸ ಇರೋದೇ ಜನರ ಸಲುವಾಗಿ ಅಲ್ರಿ?" ಅಷ್ಟೇ. ಜಗಳ ಮಾಡಲಿಲ್ಲ. ಡೈರಿ ನನ್ನ ಪರವಾಗಿ ಮಾತಾಡ್ತಿತ್ತು. ಸಾಹೇಬರು ದಿನಾಂಕಗಳನ್ನ ಓದಿ, "ಒಂದು ವಿಸಿ ದಿನ ಮಾಡಿ ನೋಡ್ರಿ" ಅಂದರು.

ಮಾಡಿದ್ದು ಇಷ್ಟು. ಮೊದಲು ಹೊರಹೋಗೋ ಪೋರ್ಟ್‌ಗೆ 9 ಮೆಗಾಬಿಟ್ ಮಿತಿ. ಲೈನ್ 10 ಇದ್ದಾಗ 9 ಯಾಕ ಅಂತ ಕೇಳಿದೆ. ಮಿತಿ ಹಾಕದಿದ್ರೆ ಸ್ವಿಚ್ 100ರ ವೇಗದಲ್ಲಿ ಎಲ್ಲವನ್ನೂ ಮುಂದಿನ ಡಬ್ಬಿಗೆ ತಳ್ಳಿಬಿಡ್ತದೆ. ಸಾಲು ಅಲ್ಲಿ ಬೆಳೀತದೆ, ಅಲ್ಲಿ ನಮ್ಮ ನಂಬರ್ ನೋಡೋರು ಯಾರೂ ಇಲ್ಲ. ಸಾಲು ನಮ್ಮ ಕೈಯೊಳಗೆ ಇರಬೇಕಂದ್ರೆ ಲೈನಿಗಿಂತ ಸ್ವಲ್ಪ ಕಮ್ಮಿಗೆ ಇಲ್ಲೇ ತಡೀಬೇಕು. ಎರಡನೆಯದು, ವಿಸಿ ಮೇಲಿನ ಸಾಲು, 3ರ ಮಿತಿಯೊಳಗೆ. ಉಳಿದದ್ದರಲ್ಲಿ ತೂಕ ಹೀಗೆ: ಕೌಂಟರ್ 4, ಸಿಬ್ಬಂದಿ 2, ಕ್ಯಾಮರಾ 1. ಛೇಂಬರ್ ಕಂಪ್ಯೂಟರ್ ಸಿಬ್ಬಂದಿ ಸಾಲಿಗೆ ಬಂತು. ಕ್ಯಾಮರಾದ ಚಿತ್ರ ಹೆಂಗೂ ಕಚೇರಿಯೊಳಗಿನ ಡಬ್ಬಿಯಲ್ಲೇ ಉಳೀತದೆ. ಹೊರಗೆ ಹೋಗೋದು ತುಸು ಮುರಿದು ಹೋದ್ರೆ ಯಾರ ಊಟವೂ ತಪ್ಪಲ್ಲ.

ವಿಸಿ ದಿನ ಬಂತು. ವಿಸಿ 2 ತಗೊಂಡಿತು. ಉಳಿದ 7ರಲ್ಲಿ ಕೌಂಟರಿಗೆ 4 ಖಾತ್ರಿ. ಹಾಲ್‌ನಲ್ಲಿ ಮೀಟಿಂಗ್ ನಡೀತಾ ಇತ್ತು, ಕೌಂಟರಿನಲ್ಲಿ ಪ್ರಿಂಟರ್ ಸದ್ದು ಕೇಳ್ತಾ ಇತ್ತು. ಎರಡೂ ಒಟ್ಟಿಗೆ ಕೇಳಿದ್ದು ಅದೇ ಮೊದಲು.

ಆ ಹಿಂದಿನ ವಾರ ಒಬ್ಬ ತಾಯಿ ಎರಡು ಸಲ ಬಂದು ವಾಪಸ್ ಹೋಗಿದ್ದಳು. ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಜಾತಿ–ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರ್ ಬೇಕಿತ್ತು, ಕೊನೆ ದಿನಾಂಕ ಹತ್ತಿರ ಬಂದಿತ್ತು. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜ್ ಉಳೀತು, ಕೂಲಿ ಉಳೀಲಿಲ್ಲ. ಒಂದು ಪ್ಯಾಕೆಟ್ ದಾರಿಯಲ್ಲಿ ಬಿದ್ದು ಹೋದ್ರೆ ಯಂತ್ರ ಕಣ್ಣು ಮಿಟುಕಿಸೋದರೊಳಗೆ ಇನ್ನೊಮ್ಮೆ ಕಳಿಸ್ತದೆ. ಮನುಷ್ಯರನ್ನ "ನಾಳಿಗಿ ಬರ್ರಿ" ಅಂದ್ರೆ ಒಂದು ದಿನದ ಕೂಲಿ, ಒಂದು ದಿನದ ಕಾಲೇಜು, ಒಮ್ಮೊಮ್ಮೆ ಒಂದು ವರ್ಷದ ಓದು ಹೋಗ್ತದೆ. ಮೂರನೇ ಸಲ ಬಂದಾಗ ಅವಳ ಅರ್ಜಿ ಹನ್ನೆರಡು ಗಂಟೆಗೇ ಹೋಯ್ತು. "ಇವತ್ತ ಸರ್ವರ್ ಚಂದ ಅದೇನ್ರಿ ಅಣ್ಣಾ?" ಅಂದಳು. ಕೌಂಟರಿನ ಹುಡುಗಿ "ಹ್ಞೂಂ ಯಕ್ಕ, ಚಂದ ಅದ" ಅಂದಳು.

ಇಷ್ಟಕ್ಕೇ ಗೆದ್ದೆವು ಅಂತ ಕುಣಿಯೋ ಹಂಗಿಲ್ಲ. ಕ್ಯೂಒಎಸ್ ಇದ್ದ ದಾರಿಯನ್ನ ಹಂಚತದೆ, ಹೊಸ ದಾರಿ ಹುಟ್ಟಿಸಲ್ಲ. ನಮ್ಮ ರೈಲು ನೋಡ್ರಿ. ವಾಡಿ ಜಂಕ್ಷನ್‌ನಲ್ಲಿ ಪ್ಯಾಸೆಂಜರ್ ಗಾಡಿಯನ್ನ ಪಕ್ಕಕ್ಕೆ ನಿಲ್ಲಿಸಿ ಸೂಪರ್‌ಫಾಸ್ಟ್ ಬಿಡ್ತಾರೆ, ಶಹಾಬಾದದಿಂದ ಬರೋರು ಬೈಕೊಂತ ಕೂಡ್ತಾರೆ. ಅದು ಆದ್ಯತೆಯ ಜಗಳ. ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗೋ ಲೈನ್ 1874ರಿಂದ ಇದೆ. ಚಿಂಚೋಳಿಗೆ ಇವತ್ತಿಗೂ ರೈಲೇ ಇಲ್ಲ. ಅಲ್ಲಿ ಆದ್ಯತೆ ಕೇಳಿ ಏನು ಮಾಡ್ತೀರಿ? ಮೊದಲು ಹಳಿ ಕೇಳಬೇಕು. ಚಿಂಚೋಳಿ ತಾಂಡಾಗಳಲ್ಲಿ ಮೊಬೈಲ್ ಹಿಡಿದು ಸಿಗ್ನಲ್ ಸಲುವಾಗಿ ಗುಡ್ಡ ಹತ್ತೋ ಮಕ್ಕಳಿಗೆ ನಮ್ಮ ಕಚೇರಿಯ ಸ್ವಿಚ್ ತಿದ್ದಿದ್ದರಿಂದ ಏನೂ ಸಿಗಲಿಲ್ಲ. ಲೈನ್ ಕೇಳೋ ಹೋರಾಟ ಬೇರೆ, ಲೈನಿನಲ್ಲಿ ಪಾಲು ಕೇಳೋ ಹೋರಾಟ ಬೇರೆ. ಎರಡೂ ಮಾಡಬೇಕು. ಒಂದನ್ನ ತೋರಿಸಿ ಇನ್ನೊಂದನ್ನ ಮರೆಸೋಕೆ ಬಿಡಬಾರದು.

ನಮ್ಮ ನಮ್ಮ ತಾಲ್ಲೂಕಿನಲ್ಲಿ "ಸರ್ವರ್ ಡೌನ್" ಕೇಳಿದಾಗ ಏನು ಮಾಡಬೇಕು? ನನ್ನ ಅನುಭವದಿಂದ ನಾಲ್ಕು ಮಾತು.

ಒಂದು, ದಿನ ಮತ್ತು ಹೊತ್ತು ಬರೆದಿಡ್ರಿ. ಸಿಟ್ಟಿಗಿಂತ ಡೈರಿ ಗಟ್ಟಿ.

ಎರಡು, ಅದೇ ಹೊತ್ತಿಗೆ ಒಳಗಿನ ಬೇರೆ ಕಂಪ್ಯೂಟರ್ ನಡೀತಿದ್ವಾ ಅಂತ ಕೇಳ್ರಿ. ಅವು ನಡೆದು ಕೌಂಟರ್ ಮಾತ್ರ ನಿಂತಿದ್ರೆ ಡೌನ್ ಆಗಿರೋದು ಸರ್ವರ್ ಇರಲಿಕ್ಕಿಲ್ಲ.

ಮೂರು, ಸಕಾಲ ಕಾಯ್ದೆ 2011ರದ್ದು. ಅದರಡಿ ಬರೋ ಸೇವೆಗೆ ದಿನದ ಗಡುವು ಇದೆ. ಗಡುವು ಎಣಿಸೋದು ಅರ್ಜಿ ಸ್ವೀಕರಿಸಿ ನಂಬರ್ ಕೊಟ್ಟ ಮೇಲೆ. ಅರ್ಜಿಯೇ ಒಳಗೆ ಹೋಗದಿದ್ರೆ ಗಡುವೂ ಶುರುವಾಗಲ್ಲ. ಅದಕ್ಕೇ ಕೌಂಟರ್ ನಿಂತ ದಿನ ಸುಮ್ಮನೆ ವಾಪಸ್ ಬರಬ್ಯಾಡ್ರಿ, ಇಂಥ ದಿನ ಬಂದಿದ್ದೆ ಅಂತ ಕಾಗದದ ಮೇಲೆ ಬರೆದುಕೊಟ್ಟು ಸ್ವೀಕೃತಿ ಕೇಳ್ರಿ.

ನಾಲ್ಕು, ಮಾಹಿತಿ ಹಕ್ಕಿನಲ್ಲಿ ಕೇಳ್ರಿ: ಈ ಕಚೇರಿಯ ಇಂಟರ್‌ನೆಟ್ ಲೈನ್ ಎಷ್ಟು? ಜನರ ಕೌಂಟರಿಗೆ ಕನಿಷ್ಠ ಪಾಲು ಎಷ್ಟು? ಆದ್ಯತೆಯ ಕ್ರಮ ಯಾರ ಆದೇಶದ ಮೇಲೆ, ಯಾವ ದಿನ ಹಾಕಿದ್ದು? ಪಾಸ್‌ವರ್ಡ್, ಐಪಿ ನಮಗೆ ಬೇಡ, ಕೇಳಬಾರದು ಕೂಡ. ಕ್ರಮ ಮಾತ್ರ ಹೇಳಿ ಅನ್ರಿ. 30 ದಿನದೊಳಗೆ ಉತ್ತರ ಕೊಡಬೇಕು. "ಆದೇಶ ಇಲ್ಲ" ಅಂತ ಬಂದ್ರೆ ಅದೇ ದೊಡ್ಡ ಉತ್ತರ.

ಕಡೆಯದಾಗಿ ಆ ಹುಡುಗ ಹೇಳಿದ ಒಂದು ವಿಷಯ. ಸ್ವಿಚ್‌ನಲ್ಲಿ ಎರಡು ಪ್ರತಿ ಇರ್ತಾವೆ. ಒಂದು ಈಗ ನಡೀತಿರೋದು, ರನ್ನಿಂಗ್. ಇನ್ನೊಂದು ಒಳಗೆ ಬರೆದಿಟ್ಟದ್ದು, ಸ್ಟಾರ್ಟ್‌ಅಪ್. ನಾವು ತಿದ್ದಿದ್ದು ರನ್ನಿಂಗ್‌ನಲ್ಲಿ ತಕ್ಷಣ ಚಾಲೂ ಆಗ್ತದೆ, ಎಲ್ಲರೂ ಖುಷಿ ಪಡ್ತಾರೆ. ಸೇವ್ ಮಾಡದಿದ್ರೆ ಒಮ್ಮೆ ಕರೆಂಟ್ ಹೋಗಿ ಬಂತು ಅಂದ್ರೆ ಹಳೆಯ ಕ್ರಮವೇ ಎದ್ದು ನಿಲ್ತದೆ. ನಮ್ಮ ಭಾಗದಲ್ಲಿ ಕರೆಂಟ್ ಎಷ್ಟು ಸಲ ಹೋಗ್ತದೆ ನಿಮಗೆ ಗೊತ್ತು.

ಇದರ ತಿರುವುಮುರುವೂ ನಮ್ಮ ಚರಿತ್ರೆಯಲ್ಲಿದೆ. ಸಾರ್ವಜನಿಕ ನೀರು ಎಲ್ಲರಿಗೂ ತೆರೀಬೇಕು ಅಂತ ಮುಂಬೈ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡದ ಪುರಸಭೆಯೂ 1924ರಲ್ಲಿ ಒಪ್ಪಿತ್ತು. ಕಾಗದದಲ್ಲಿ ಬರೆದಿತ್ತು, ಕೆರೆಯಲ್ಲಿ ಚಾಲೂ ಆಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ನಡೆದು ಹೋಗಿ ಚೌದಾರ್ ಕೆರೆ ನೀರು ಮುಟ್ಟಬೇಕಾಯ್ತು. ಬರೆದದ್ದು ಚಾಲೂ ಆಗಬೇಕು, ಚಾಲೂ ಆದದ್ದು ಬರೆದಿಟ್ಟಿರಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ರೆ ನಮ್ಮ ಪಾಲು ಉಳಿಯಲ್ಲ.

ನಮ್ಮ ಕಚೇರಿಯದ್ದನ್ನ ಆ ಹುಡುಗ ಸೇವ್ ಮಾಡಿದ. ನಾನು ಅದರ ಒಂದು ಪ್ರಿಂಟ್ ತೆಗೆಸಿ, ದಿನಾಂಕ ಹಾಕಿಸಿ, ಸಹಿ ಮಾಡಿಸಿ ಫೈಲಿನಲ್ಲಿ ಇಟ್ಟೀನಿ. ನಾಳೆ ನಾನು ವರ್ಗ ಆಗಿ ಹೋಗಬಹುದು, ಆ ಹುಡುಗನ ಗುತ್ತಿಗೆ ಮುಗೀಬಹುದು. ಆಮೇಲೆ ಬಂದವರು "ಮೊದಲಿನಿಂದ ಹಂಗೇ ಅದ" ಅನ್ನೋ ಮೊದಲು ಆ ಫೈಲ್ ತೆಗೆದು ನೋಡಲಿ.

ನಿಮ್ಮ ಊರ ಕೌಂಟರಿನಲ್ಲಿ ಏನಾಗ್ತಿದೆ ಅಂತ ಕಮೆಂಟ್‌ನಲ್ಲಿ ಬರೀರಿ. ಕಚೇರಿ, ವ್ಯಕ್ತಿಗಳ ಹೆಸರು ಬೇಡ. ದಿನ, ಹೊತ್ತು, ಏನಂದರು, ಇಷ್ಟು ಸಾಕು. ಎಲ್ಲ ಸೇರಿಸಿ ಮುಂದಿನ ಹೆಜ್ಜೆ ಇಡೋಣ.

ಜೈಭೀಮ್.